ಹುಲಿಕೆರೆ ಇಲ್ಲದ ಪುಸ್ತಕ

ಧಾರವಾಡ
9 ಜೂನ್ 2024

ಹೇಮಲತಾ ಮೇಡಂ ಅವರಿಗೆ,

ನಾನು ಶಶಿಧರ. ಹಾಗೆಂದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಹಳೇಬೀಡಿನ ಗುಡಿ ಬಾಗಿಲಲ್ಲಿ ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು ನಿಲ್ಲುವ ಗೈಡ್ ಶಶಿ. ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ದಿನಾ ಸ್ಕೂಲು ಬಿಟ್ಟ ಮೇಲೆ ಬರುತ್ತಾಳಲ್ಲ ಬಿಂದುಶ್ರೀ, ಅವಳ ಅಪ್ಪ. ನಿಮ್ಮ ಗ್ರಂಥಾಲಯದ ಹೊಸ್ತಿಲನ್ನು ಒಮ್ಮೆಯೂ ತುಳಿದವನಲ್ಲ, ಆದರೂ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದು ನಮ್ಮ ಕಸುಬಿನ ಚಾಳಿ. ಈ ಸಲ ನೇರವಾಗಿ ಹೇಳಿಬಿಡುತ್ತೇನೆ. ನಾನಿರುವುದು ಕುಡಿತ ಬಿಡಿಸುವ ಕೇಂದ್ರದಲ್ಲಿ. ಇನ್ನೂ ಮೂರೂವರೆ ತಿಂಗಳು ಇರಬೇಕು. ಇಲ್ಲಿ ಫೋನ್ ಕೊಡುವುದಿಲ್ಲ, ಭಾನುವಾರ ಕಾಗದ ಬರೆಯಬಹುದು. ಮಗಳಿಗೆ ಇನ್ನೂ ಒಂಬತ್ತು ವರ್ಷ. ‘ಅಪ್ಪ ಬಾದಾಮಿಗೆ ಟ್ರೈನಿಂಗಿಗೆ ಹೋಗವ್ರೆ’ ಎಂದು ಮನೆಯಲ್ಲಿ ಹೇಳಿದ್ದಾರೆ. ಹಾಗೆ ಹೇಳಿ ಎಂದವನು ನಾನೇ.

ಇಲ್ಲಿನ ಕೌನ್ಸೆಲರ್ ಒಬ್ಬರು, ‘ಮಕ್ಕಳಿಗೆ ಎಲ್ಲ ಕಾಣುತ್ತದೆ ಶಶಿ, ಯಾಕೆ ಹೀಗೆ ಅಂತ ಮಾತ್ರ ಯಾರೂ ಹೇಳಿರುವುದಿಲ್ಲ. ನೀವು ಹೇಳಲಾರದಿದ್ದರೆ ಒಂದು ಒಳ್ಳೆಯ ಪುಸ್ತಕದಿಂದ ಹೇಳಿಸಿ’ ಎಂದರು. ನನ್ನ ಮಗಳಿಗೆ ಏನೂ ಗೊತ್ತಿಲ್ಲ ಮೇಡಂ, ಅದಂತೂ ಖಂಡಿತ. ನಾನು ಮನೆಯಲ್ಲಿ ತೂರಾಡಿದವನಲ್ಲ, ಕೈಯೆತ್ತಿದವನೂ ಅಲ್ಲ. ಆದರೆ ನಾಳೆ ಊರಿನವರು ಆಡಿಕೊಂಡಾಗ ಅವಳಿಗೆ ಪೆಟ್ಟಾಗಬಾರದು. ಕುಡಿತದ ಮನೆಯ ಬಗ್ಗೆ ಮಕ್ಕಳಿಗೆ ಅರ್ಥವಾಗುವಂಥ ಪುಸ್ತಕವಿದ್ದರೆ ಅವಳಿಗೆ ಕೊಡಿ. ನನ್ನ ವಿಷಯಕ್ಕೇ ಕೊಟ್ಟಿದ್ದು ಅಂತ ಅವಳಿಗೆ ಅನ್ನಿಸಬಾರದು, ಅಷ್ಟು ನೋಡಿಕೊಳ್ಳಿ.

ನಿಮ್ಮ
ಶಶಿಧರ


ಹಳೇಬೀಡು
18 ಜೂನ್ 2024

ಶಶಿಧರ ಅವರೇ,

ನೀವು ನನ್ನ ಹೊಸ್ತಿಲು ತುಳಿದಿಲ್ಲ ಸರಿ, ನಾನು ನಿಮ್ಮ ಗುಡಿಯ ಹೊಸ್ತಿಲು ತುಳಿದಿದ್ದೇನೆ. ಎರಡು ವರ್ಷದ ಹಿಂದೆ ಅರಸೀಕೆರೆಯಿಂದ ಒಂದು ಸ್ಕೂಲಿನ ಮಕ್ಕಳು ಬಂದಿದ್ದರು. ಬಸ್ಸಿನಿಂದ ಇಳಿದಾಗಿನಿಂದ ಗಲಾಟೆ, ಟೀಚರುಗಳ ಗಂಟಲು ಕಟ್ಟಿತ್ತು. ನೀವು ಆನೆಗಳ ಸಾಲಿನ ಮುಂದೆ ನಿಂತು, ‘ಇಷ್ಟು ಆನೆಯೊಳ್ಗೆ ನಿಮ್ಮಂಗೆ ತರ್ಲೆ ಆನೆ ಯಾವ್ದು, ಹುಡುಕ್ರೋ ನೋಡಾನ’ ಎಂದಿರಿ. ಎಪ್ಪತ್ತು ಮಕ್ಕಳು ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಲ್ಲು ನೋಡಿದರು. ನಾನು ಹಿಂದೆ ನಿಂತು ಎಂಥಾ ಮನುಷ್ಯ ಅಂದುಕೊಂಡೆ. ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ನೀವು ಕೇಳಿದ ಪುಸ್ತಕವನ್ನು ಕಪಾಟಿನ ಮೂಲೆಮೂಲೆಯಲ್ಲೂ ಹುಡುಕಿದೆ. ಒಂದು ಸಿಕ್ಕಿತು, ಮುಖಪುಟದಲ್ಲೇ ತಲೆಬುರುಡೆ, ಒಳಗೆಲ್ಲ ಕೊಳೆತ ಲಿವರ್. ಇನ್ನೊಂದರಲ್ಲಿ ಕುಡುಕ ಚರಂಡಿಗೆ ಬೀಳುತ್ತಾನೆ, ಊರೆಲ್ಲ ನಗುತ್ತದೆ. ಅಪ್ಪನನ್ನು ನೋಡಿ ನಗುವ ಪುಸ್ತಕವನ್ನು ಯಾವ ಮಗುವಿನ ಕೈಗೆ ಕೊಡಲಿ? ಎರಡನ್ನೂ ವಾಪಸ್ ಇಟ್ಟೆ.

ಅದಕ್ಕೇ ಹೇಳುತ್ತೇನೆ, ನೀವೇ ಬರೆಯಿರಿ. ನಾನು ದುಂಡಗೆ ನಕಲು ಮಾಡಿ, ಹೊಲಿದು, ನಂಬರು ಹಾಕಿ, ಸೀಲು ಹೊಡೆದು, ಉಳಿದ ಪುಸ್ತಕಗಳ ಜೊತೆ ಇಡುತ್ತೇನೆ. ಹೆಸರು ಬೇಡವಾದರೆ ಬೇಡ. ನನ್ನಲ್ಲಿ ಮಕ್ಕಳ ಪುಸ್ತಕಗಳೆಲ್ಲ ಒಂದೇ ಕಂದು ಕಾಗದದ ಹೊದಿಕೆ ತೊಟ್ಟಿವೆ. ಹೋದ ವರ್ಷ ಒಬ್ಬಳು ಹುಡುಗಿ ಮುಟ್ಟಿನ ಬಗ್ಗೆ ಇದ್ದ ಪುಸ್ತಕ ತೆಗೆದುಕೊಂಡಳೆಂದು ಉಳಿದ ಮಕ್ಕಳು ಮೂರು ದಿನ ಗೇಲಿ ಮಾಡಿದರು. ನಾಲ್ಕನೇ ದಿನ ರಟ್ಟು, ಅಂಟು, ಕತ್ತರಿ ತಂದು ಕೂತೆ. ಈಗ ಯಾರು ಏನು ಓದುತ್ತಿದ್ದಾರೆ ಅನ್ನುವುದು ಓದುವವರಿಗೇ ಗೊತ್ತು.

ಇಂತಿ,
ಹೇಮಲತಾ


ಧಾರವಾಡ
30 ಜೂನ್ 2024

ಮೇಡಂ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ, ಆನೆಯ ಭಾಗವನ್ನು ಇನ್ನೆರಡು ಸಲ. ಈ ಜಾಗದಲ್ಲಿ ಒಬ್ಬ ಮನುಷ್ಯನಿಗೆ ತನ್ನ ಬಗ್ಗೆ ಒಳ್ಳೆಯ ಮಾತು ಸಿಕ್ಕರೆ ಅದನ್ನು ಬಾಯಲ್ಲೇ ಇಟ್ಟುಕೊಂಡು ಚಪ್ಪರಿಸುತ್ತಾನೆ. ಆ ಕಂದು ಹೊದಿಕೆಯ ವಿಷಯ ಇಲ್ಲಿ ಎಲ್ಲರಿಗೂ ಹೇಳಿದೆ. ‘ಆ ಹೆಣ್ಣುಮಗಳಿಗೆ ನನ್ನದೊಂದು ನಮಸ್ಕಾರ ಬರಿ’ ಎಂದರು ಪಕ್ಕದ ಮಂಚದ ರಿಟೈರ್ಡ್ ಮೇಷ್ಟ್ರು. ನನ್ನದೂ ಸೇರಿಸಿಕೊಳ್ಳಿ.

ಪುಸ್ತಕ ಜೊತೆಗಿದೆ, ಹದಿನಾರು ಪುಟ. ಒಬ್ಬ ರಾಜ. ಅವನಿಗೊಬ್ಬಳು ರಾಜಕುಮಾರಿ. ಶೀಶೆಯೊಳಗೆ ಅಡಗಿದ್ದ ರಾಕ್ಷಸನೊಬ್ಬ ರಾಜನ ಗಂಟಲಿಗಿಳಿದು ಅವನನ್ನು ಸೆರೆಹಿಡಿಯುತ್ತಾನೆ. ರಾಜಕುಮಾರಿ ಅರಮನೆಯಲ್ಲಿ ಹೂ ಕಟ್ಟುತ್ತಾ ಕಾಯುತ್ತಾಳೆ. ಕೊನೆಗೆ ಅವಳ ಒಂದು ಹನಿ ಕಣ್ಣೀರು ರಾಜನ ಕೈ ಮೇಲೆ ಬೀಳುತ್ತದೆ, ರಾಕ್ಷಸ ಬೆಲ್ಲದಂತೆ ಕರಗಿಹೋಗುತ್ತಾನೆ. ಇಲ್ಲಿ ಓದಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರು ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಶಶಿಧರ


ಹಳೇಬೀಡು
14 ಜುಲೈ 2024

ಶಶಿಧರ ಅವರೇ,

ಪುಸ್ತಕ ಹೊಲಿದೆ, ನಂಬರು 1147. ರಾಕ್ಷಸ ಗಂಟಲಿಗಿಳಿಯುವ ಪುಟ ಎಷ್ಟು ಚೆನ್ನಾಗಿದೆಯೆಂದರೆ ನಕಲು ಮಾಡುವಾಗ ನಾನೇ ಎರಡು ಸಲ ನೀರು ಕುಡಿದೆ. ಹೊಗಳಿಕೆ ಇಲ್ಲಿಗೆ ನಿಲ್ಲಿಸುತ್ತೇನೆ, ಇನ್ನು ಮುಂದಿನದನ್ನು ಕೂತುಕೊಂಡು ಓದಿ.

ಪುಸ್ತಕವನ್ನು ಮೊದಲು ಒಯ್ದವಳು ಸೌಂದರ್ಯ, ಆರು ವರ್ಷದ ಮಗು. ಅವಳ ಅಕ್ಕ ಓದಿ ಹೇಳಿ, ಮರುದಿನವೇ ವಾಪಸ್ ತಂದುಕೊಟ್ಟಳು. ಸೌಂದರ್ಯಳ ಅಪ್ಪನೂ ಕುಡಿಯುತ್ತಾನೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಬಂದು ನನ್ನ ಮೇಜಿಗೆ ಗದ್ದ ಊರಿ ನಿಂತಳು. ‘ಮಿಸ್, ನಾನೂ ಅಪ್ಪನ ಕೈ ಮ್ಯಾಲೆ ಅತ್ತೆ. ಮೂರ್ ದಿನ ಅತ್ತೆ. ರಾಕ್ಷಸ ಹೋಗ್ನಿಲ್ಲ. ನಂಗೆ ಸರ್ಯಾಗಿ ಅಳಕ್ ಬರಕಿಲ್ವಾ?’ ಎಂದು ಕೇಳಿದಳು.

ಅವಳನ್ನು ತಬ್ಬಿಕೊಂಡು ಕೂತೆ. ತಪ್ಪು ನಿಮ್ಮದೊಬ್ಬರದೇ ಅಲ್ಲ, ಚೆಂದ ಇದೆ ಎಂದು ನಾನೂ ಮರುಳಾದೆ. ಪುಸ್ತಕವನ್ನು ಕಪಾಟಿನಿಂದ ತೆಗೆದಿದ್ದೇನೆ.

ತೆಗೆಯುವ ಮೊದಲು ಬಿಂದು ಅದನ್ನು ಓದಿ ಮುಗಿಸಿದ್ದಳು. ನೀವು ಹೆಸರು ಮುಚ್ಚಿಟ್ಟರೂ ಪುಟಕ್ಕೊಂದು ಸಲ ‘ಇತ್ತ ಕಡೆ ಗಮನಿಸಿ’ ಎಂದು ಬರೆದಿದ್ದೀರಿ, ನನ್ನ ಕೈಬರಹದ ಹಿಂದೆ ಯಾರಿದ್ದಾರೆಂದು ಹಳೇಬೀಡಿನ ನಾಯಿಮರಿಗೂ ಗೊತ್ತಾಗುತ್ತದೆ. ಬಿಂದುವಿಗೂ ಗೊತ್ತಾಗಿದೆ. ರಾಜಕುಮಾರಿ ಹೂ ಕಟ್ಟುತ್ತಾ ಕಾಯುವ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿದ್ದಾಳೆ: ‘ಇದು ಸುಳ್ಳು. ಇದರಲ್ಲಿ ಹುಲಿಕೆರೆ ಇಲ್ಲ.’

ಹುಲಿಕೆರೆಯಲ್ಲಿ ಏನಾಯಿತು?

ಹೇಮಲತಾ


ಧಾರವಾಡ
21 ಜುಲೈ 2024

ಮೇಡಂ,

ಆ ಸೌಂದರ್ಯಳ ವಿಷಯ ಓದಿ ಸಂಕಟವಾಯಿತು. ಪುಸ್ತಕವನ್ನು ಹರಿದುಹಾಕಿ.

ಹುಲಿಕೆರೆಯಲ್ಲಿ ಏನೂ ಆಗಿಲ್ಲ. ಫೆಬ್ರವರಿಯಲ್ಲಿ ಒಂದು ಭಾನುವಾರ ಕಲ್ಯಾಣಿ ತೋರಿಸಲು ಬಿಂದುವನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು, ನಾಲ್ಕೂ ಕಡೆಯ ಪುಟ್ಟ ಗುಡಿಗಳು, ಹೊಯ್ಸಳರ ಕಾಲದ ನೀರಿನ ಲೆಕ್ಕಾಚಾರ ಎಲ್ಲ ವಿವರಿಸಿದೆ. ಸೌತೆಕಾಯಿ ಕೊಡಿಸಿದೆ. ಮನೆಗೆ ಕರೆತಂದೆ. ‘ಚೆನ್ನಾಗಿತ್ತಪ್ಪ’ ಎಂದು ಅವಳೇ ಹೇಳಿದಳು. ಗ್ರಂಥಾಲಯದ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚುವುದು ತಪ್ಪೆಂದು ನೀವು ಅವಳಿಗೆ ತಿಳಿಹೇಳಬೇಕಿತ್ತು. ಅದು ಬಿಟ್ಟು ನನ್ನನ್ನು ವಿಚಾರಣೆ ಮಾಡುತ್ತಿದ್ದೀರಿ.

ಶಶಿಧರ


ಹಳೇಬೀಡು
2 ಆಗಸ್ಟ್ 2024

ಶಶಿಧರ ಅವರೇ,

ನಿಮಗೆ ಸಿಟ್ಟು ಬಂದಿದೆ, ಇನ್ನಷ್ಟು ಬರುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ನೀವು ಸುಳ್ಳು ಹೇಳುತ್ತಿಲ್ಲ ಅನ್ನುವುದು ನನಗೆ ಗೊತ್ತು. ನಿಮಗೆ ನಿಜವಾಗಿಯೂ ಹಾಗೇ ನೆನಪಿದೆ.

ಹುಲಿಕೆರೆಯಲ್ಲಿ ಕುರಿ ಮೇಯಿಸುವ ದೇವೀರಪ್ಪ ಗುರುವಾರ ಗುರುವಾರ ನಮ್ಮಲ್ಲಿಗೆ ಪೇಪರ್ ಓದಿಸಿಕೊಳ್ಳಲು ಬರುತ್ತಾರೆ. ಅವರನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಊಂ ಕಣವ್ವ, ಗೈಡಪ್ಪನ ಹೆಣ್ ಮಗ. ಬೆಳಿಗ್ಗೆ ಹನ್ನೊಂದು ಗಂಟೆಗೆ ಮೆಟ್ಲು ಮ್ಯಾಲೆ ಕುಂತಿದ್ದು, ನಾನು ಕುರಿ ಹೊಡ್ಕೊಂಡು ಹೊಂಟಾಗ್ಲೂ ಅಲ್ಲೇ ಐತೆ. ಕೈಯಾಗೆ ಕಚ್ಚಿದ್ ಸೌತೇಕಾಯಿ, ಬಾಡೋಗಿತ್ತು. ಬಾ ಮಗ, ಮನೆಗ್ ಬಿಡ್ತೀನಿ ಅಂದ್ರೆ ಏಳಕಿಲ್ಲ ಅಂತು. ಅಪ್ಪ ಐದು ನಿಮ್ಷ ಅಂದವ್ರೆ, ನಾನ್ ಇಲ್ದಿದ್ರೆ ಹುಡುಕ್ತಾರೆ ಅಂತು. ಹೊತ್ತು ಮುಳುಗೋಗಿತ್ತು ಕಣವ್ವ. ಅಪ್ಪನೇ ಕಳ್ಸವ್ನೆ ಅಂತ ಸುಳ್ಳು ಹೇಳಿ ಎತ್ಕಂಡ್ ಬಂದೆ.’

ಮಿಕ್ಕಿದ್ದು ನಿಮ್ಮ ಹೆಂಡತಿ ಕೋಮಲ ಹೇಳಿದ್ದು. ನೀವು ಆ ಹೊತ್ತಿಗೆ ಬೇಲೂರು ರಸ್ತೆಯ ಬ್ರಾಂದಿ ಅಂಗಡಿಯಿಂದ ಬಂದು ಮನೆಯಲ್ಲಿ ಮಲಗಿದ್ದಿರಿ, ಮಗಳೆಲ್ಲಿ ಎಂದು ಎಬ್ಬಿಸಿದರೂ ಏಳಲಿಲ್ಲ. ಬೆಳಿಗ್ಗೆ ಎದ್ದು ‘ಕಲ್ಯಾಣಿ ಹೆಂಗಿತ್ತು ಮಗಳೇ?’ ಎಂದು ಕೇಳಿದಿರಿ. ಬಿಂದು ಒಂದು ಗಳಿಗೆ ನಿಮ್ಮ ಮುಖ ನೋಡಿ, ‘ಚೆನ್ನಾಗಿತ್ತಪ್ಪ’ ಎಂದಳು. ನಿಮಗೆ ಬೇಜಾರಾಗಬಾರದೆಂದು. ಅಮ್ಮನೂ ಹೇಳಬಾರದೆಂದು ಆಣೆ ಹಾಕಿಸಿದ್ದಳಂತೆ.

ಒಂಬತ್ತು ವರ್ಷದ ಮಗುವಿಗೆ ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೆಂದು ನಾನು ದಂಗಾಗಿದ್ದೇನೆ. ಹೊಟ್ಟೆ ಉರಿಯುತ್ತಿದೆ ಕೂಡ. ಅಷ್ಟು ದೊಡ್ಡ ಮನಸ್ಸು ಆ ವಯಸ್ಸಿಗೆ ಬೇಕಾಗಿರಲಿಲ್ಲ.

ಹೇಮಲತಾ


ಹಳೇಬೀಡು
23 ಆಗಸ್ಟ್ 2024

ಶಶಿಧರ ಅವರೇ,

ಮೂರು ವಾರದಿಂದ ನಿಮ್ಮ ಕಾಗದವಿಲ್ಲ. ಕಟುವಾಗಿ ಬರೆದೆನೇನೋ ಎಂದು ದಿನಾ ಅನ್ನಿಸುತ್ತದೆ, ಬರೆಯಬಾರದಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ. ಅಲ್ಲೇ ಇದ್ದೀರಾ? ಇದ್ದೇನೆ ಎಂದು ಒಂದು ಸಾಲು ಬರೆದರೂ ಸಾಕು.

ಹೇಮಲತಾ


ಧಾರವಾಡ
1 ಸೆಪ್ಟೆಂಬರ್ 2024

ಹೇಮಲತಾ ಮೇಡಂ,

ಇದ್ದೇನೆ.

ಆ ಕಾಗದ ಓದಿದ ದಿನ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದೆ. ಬಸ್ ಸ್ಟಾಪಿನವರೆಗೆ ಹೋದೆ. ಎದುರಿಗೇ ಒಂದು ವೈನ್ ಶಾಪ್. ಜೇಬಿನಲ್ಲಿದ್ದದ್ದು ನಿಮ್ಮ ಕಾಗದ ಮಾತ್ರ, ಆದರೂ ಕುಡಿಯಬೇಕೆಂದವನಿಗೆ ಅದು ಅಡ್ಡಿಯೇನಲ್ಲ, ಕೊಡಿಸುವವರು ಸಿಕ್ಕೇ ಸಿಗುತ್ತಾರೆ. ಅಲ್ಲಿನ ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಒಂಬತ್ತು ವರ್ಷದವಳು ಹನ್ನೊಂದರಿಂದ ಹೊತ್ತು ಮುಳುಗುವತನಕ ಕೂತಳು ಅನ್ನುವುದೊಂದೇ ತಲೆಯಲ್ಲಿತ್ತು. ಆಮೇಲೆ ಮೇಷ್ಟ್ರು ಹುಡುಕಿಕೊಂಡು ಬಂದರು, ಪಕ್ಕದಲ್ಲಿ ಕೂತರು. ಇಬ್ಬರೂ ವಾಪಸ್ ನಡೆದು ಬಂದೆವು. ಕುಡಿಯಲಿಲ್ಲ. ಅವತ್ತು ಕುಡಿಯಲಿಲ್ಲ ಎಂದಷ್ಟೇ ಹೇಳಬಲ್ಲೆ.

ಒಂದು ವಿಷಯ ಹೇಳಬೇಕು. ನಮ್ಮ ಗುಡಿಯಲ್ಲಿ ಎಷ್ಟೋ ಮೂರ್ತಿಗಳ ಕೈ ಮುರಿದಿದೆ. ಆ ಕೈಯಲ್ಲಿ ಏನಿತ್ತು ಎಂದು ಜನ ಕೇಳುತ್ತಾರೆ. ಗೊತ್ತಿಲ್ಲ ಎನ್ನುವುದು ಗೈಡಿಗೆ ಅವಮಾನ. ವೀಣೆ ಇತ್ತು, ಕಮಲ ಇತ್ತು ಎಂದು ಏನಾದರೂ ತುಂಬಿಸುತ್ತೇವೆ. ಹತ್ತು ಸಲ ಹೇಳಿದ ಮೇಲೆ ನಮಗೇ ಆ ವೀಣೆ ಕಾಣುತ್ತದೆ. ಹುಲಿಕೆರೆಯ ಆ ಮಧ್ಯಾಹ್ನವನ್ನೂ ನಾನು ಹಾಗೇ ತುಂಬಿಸಿಕೊಂಡಿದ್ದೆ. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ ಮೇಡಂ, ಆಗದೇ ಇದ್ದದ್ದು! ನನಗೆ ನನ್ನ ಮೇಲೇ ಭಯವಾಯಿತು.

ನೀವಿಲ್ಲದಿದ್ದರೆ ನಾನು ಆ ವೀಣೆ ನುಡಿಸಿಕೊಂಡೇ ಊರಿಗೆ ಬರುತ್ತಿದ್ದೆ. ಸಂಬಂಧವಿಲ್ಲದ ಒಬ್ಬ ಕುಡುಕನಿಗೋಸ್ಕರ ಇಷ್ಟು ಕಷ್ಟದ ಕಾಗದ ಬರೆಯಲು ಎಂಥ ಗುಂಡಿಗೆ ಬೇಕು! ನಾನು ದೊಡ್ಡ ದೊಡ್ಡ ಕಲ್ಲು ಕೆಲಸ ನೋಡಿ ಹೊಗಳಿದವನು. ಇದಕ್ಕೆ ಹೊಗಳುವ ಮಾತು ನನ್ನಲ್ಲಿಲ್ಲ.

ಹೊಸದಾಗಿ ಬರೆದಿದ್ದೇನೆ. ಬರೀ ಒಂದು ಪುಟ. ಚಪ್ಪಾಳೆ ಬರಲಿಲ್ಲ.

‘ಒಬ್ಬ ಅಪ್ಪ ಇದ್ದ. ಅವನಿಗೆ ಕುಡಿಯುವ ಕಾಯಿಲೆ ಇತ್ತು. ಒಂದು ದಿನ ಅವನು ಮಗಳನ್ನು ಹುಲಿಕೆರೆಯ ಕಲ್ಯಾಣಿಗೆ ಕರೆದುಕೊಂಡು ಹೋದ. ಐದು ನಿಮಿಷ ಎಂದು ಹೇಳಿ ಅಂಗಡಿಗೆ ಹೋದ. ಅದು ಐದು ನಿಮಿಷ ಆಗಿರಲಿಲ್ಲ. ಮಗಳು ಇಡೀ ದಿನ ಕಾದಳು. ಅಪ್ಪ ಅವಳನ್ನು ಮರೆತಿದ್ದ. ಆಮೇಲೆ ಏನೇನಾಯಿತು ಎಂದು ಅಪ್ಪನಿಗೆ ನೆನಪಿಲ್ಲ. ಕುರಿ ಕಾಯುವ ತಾತ ಅವಳನ್ನು ಮನೆಗೆ ತಲುಪಿಸಿದ.

ಮಗಳು ಏನೂ ತಪ್ಪು ಮಾಡಿರಲಿಲ್ಲ. ಅವಳು ಅತ್ತಿದ್ದರೂ, ನಕ್ಕಿದ್ದರೂ, ಪರೀಕ್ಷೆಯಲ್ಲಿ ಫಸ್ಟ್ ಬಂದಿದ್ದರೂ ಅಪ್ಪ ಅಂಗಡಿಗೆ ಹೋಗುತ್ತಿದ್ದ. ಅವಳ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಆ ಕಾಯಿಲೆ ಪ್ರೀತಿಯ ಮಾತನ್ನೂ ಕೇಳುವುದಿಲ್ಲ. ಈಗ ಅಪ್ಪ ಆಸ್ಪತ್ರೆಯಂಥ ಒಂದು ಜಾಗದಲ್ಲಿದ್ದಾನೆ. ವಾಸಿಯಾಗಲು ದಿನಾ ಪ್ರಯತ್ನ ಮಾಡುವುದು ಅಪ್ಪನ ಕೆಲಸ. ಮಗಳ ಕೆಲಸ ಅಲ್ಲ. ಮಗಳಿಗೆ ಸಿಟ್ಟು ಬಂದಿದ್ದರೆ ಅದು ನ್ಯಾಯ. ಚೆನ್ನಾಗಿರಲಿಲ್ಲ ಅಂತ ಅವಳು ಹೇಳಬಹುದು.’

ಇದಕ್ಕೆ ನನ್ನ ಹೆಸರು ಹಾಕಿ, ಪೂರ್ತಿ ಹೆಸರು. ಬಾದಾಮಿಯಲ್ಲಿಲ್ಲ, ಧಾರವಾಡದಲ್ಲಿದ್ದೇನೆ ಅಂತಲೂ ಬಿಂದುವಿಗೆ ಹೇಳಿಬಿಡಿ. 26ನೇ ತಾರೀಕು ಗುರುವಾರ ಬಿಡುತ್ತಾರೆ. ರೈಲಿನಲ್ಲಿ ಅರಸೀಕೆರೆಗೆ ಬಂದು, ಜಾವಗಲ್ ಮೇಲೆ ಬರುವ ಬಸ್ಸು ಹಿಡಿದರೆ ನಾಲ್ಕೂವರೆಗೆ ಹಳೇಬೀಡು. ಬಸ್ ಸ್ಟ್ಯಾಂಡಿಗೆ ಬರುತ್ತಾಳಾ ಎಂದು ಅವಳನ್ನು ಕೇಳಿ. ಒತ್ತಾಯ ಮಾಡಬೇಡಿ. ಅವಳು ನನ್ನ ಮಗಳಾಗಿ ಉಳಿಯುತ್ತಾಳೋ ಇಲ್ಲವೋ ಅನ್ನುವುದೊಂದೇ ನನಗೀಗ ಇರುವ ಚಿಂತೆ.

ಶಶಿಧರ


ಹಳೇಬೀಡು
15 ಸೆಪ್ಟೆಂಬರ್ 2024

ಶಶಿಧರ ಅವರೇ,

ಆ ಒಂದು ಪುಟವನ್ನು ನಕಲು ಮಾಡಲು ನನಗೆ ಒಂದು ಸಂಜೆ ಬೇಕಾಯಿತು. ಅವತ್ತು ಎಪ್ಪತ್ತು ಮಕ್ಕಳನ್ನು ಸುಮ್ಮನಾಗಿಸಿದ್ದಕ್ಕಿಂತ ಇದು ದೊಡ್ಡ ಕೆಲಸ. ಸಾಲು ಸಣ್ಣದಾಗಿ, ಅಕ್ಷರ ದಪ್ಪವಾಗಿ ಬರೆದು ಎಂಟು ಪುಟ ಮಾಡಿದೆ. ಹೊದಿಕೆ ಎಲ್ಲದರಂತೆ ಕಂದು. ಒಳಗಿನ ಪುಟದಲ್ಲಿ ನಿಮ್ಮ ಪೂರ್ತಿ ಹೆಸರು.

ಬಿಂದುವಿಗೆ ಅದನ್ನು ನಾನೇ ಕೈಗೆ ಕೊಟ್ಟೆ. ಬಾದಾಮಿಯ ವಿಷಯ ಹೇಳಲು ಹೊರಟರೆ, ನಕ್ಕುಬಿಟ್ಟಳು. ‘ಗೊತ್ತಿತ್ತು ಮಿಸ್. ಬ್ಯಾಡ್ಜು ಮನೇಲೇ ಮೊಳೆಗೆ ನೇತಾಕ್ಕೊಂಡ್ ಐತೆ. ಬ್ಯಾಡ್ಜ್ ಬಿಟ್ಟು ಯಾವ್ ಗೈಡ್ ಟ್ರೈನಿಂಗಿಗೆ ಹೋಗ್ತಾರೆ? ಅಜ್ಜಿಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ’ ಎಂದಳು. ನಿಮ್ಮ ತಾಯಿ ಬೀರಮ್ಮನವರು ಮೂರು ತಿಂಗಳಿಂದ ಅವಳಿಗೆ ಬಾದಾಮಿಯ ಗುಹೆಗಳ ಕಥೆ ಕಟ್ಟಿ ಹೇಳುತ್ತಿದ್ದಾರಂತೆ, ಇವಳು ಊಂಗುಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಾಳಂತೆ!

ಆಮೇಲೆ ಕಿಟಕಿ ಪಕ್ಕ ಕೂತು ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಅತ್ತಳು. ನಾನು ಹತ್ತಿರ ಹೋಗಲಿಲ್ಲ, ಹೋಗಬಾರದು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಎದ್ದು, ಮೂಗೊರೆಸಿಕೊಂಡು, ಮೂಲೆಯಲ್ಲಿ ಆಡುತ್ತಿದ್ದ ಸೌಂದರ್ಯಳನ್ನು ಕರೆದು ಪಕ್ಕ ಕೂರಿಸಿಕೊಂಡಳು. ನಾನು ಹೇಳಿಕೊಟ್ಟದ್ದಲ್ಲ. ಒಂದೊಂದೇ ಸಾಲು ಓದಿ ಹೇಳಿದಳು. ‘ನಮ್ಮಪ್ಪ ಬರ್ದಿರೋದು’ ಎಂದಳು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ.

ಸೌಂದರ್ಯ ಎಲ್ಲ ಕೇಳಿ, ‘ಹಂಗಾರೆ ನಾನ್ ಅಳೋದು ಬಿಡ್ಲಾ?’ ಎಂದಳು.

‘ಅಳು ಬಂದ್ರೆ ಅಳು ಕಣೇ. ಅಪ್ಪನ್ನ ವಾಸಿ ಮಾಡಕ್ಕಲ್ಲ, ಸುಮ್ನೆ ಅಳು’ ಎಂದಳು ನಿಮ್ಮ ಮಗಳು.

ನಾನು ಹನ್ನೆರಡು ವರ್ಷದಿಂದ ಪುಸ್ತಕ ಕೊಡುತ್ತಿದ್ದೇನೆ. ಪುಸ್ತಕವೊಂದು ಯಾಕಿರಬೇಕು ಅನ್ನುವುದನ್ನು ಇಷ್ಟು ಚೆನ್ನಾಗಿ ಯಾರೂ ನನಗೆ ತೋರಿಸಿರಲಿಲ್ಲ. ಸೌಂದರ್ಯಳ ಅಮ್ಮ ನಿನ್ನೆ ಬಂದು, ಆ ಧಾರವಾಡದ ವಿಳಾಸ ಬರೆಸಿಕೊಂಡು ಹೋದಳು. ಅವರ ಮನೆಯಲ್ಲಿ ಮುಂದೇನೋ ಗೊತ್ತಿಲ್ಲ. ಕೇಳಿದಳಲ್ಲ, ನನಗೆ ಅಷ್ಟೇ ಸಂತೋಷ.

ಬಸ್ ಸ್ಟ್ಯಾಂಡಿನ ವಿಷಯ ಬಿಂದುವನ್ನು ಕೇಳಿದೆ. ಮೂರನೇ ದಿನ ಒಂದು ಹಾಳೆ ಮಡಚಿ ತಂದು, ‘ನೀವ್ ಓದ್ಬೇಡಿ ಮಿಸ್’ ಎಂದು ಕೊಟ್ಟಳು. ಓದಿಲ್ಲ. ಇದರೊಳಗಿಟ್ಟಿದ್ದೇನೆ.

ಇಂತಿ,
ಹೇಮಲತಾ


12-9-2024

ಅಪ್ಪನಿಗೆ,

ಪುಸ್ತಕ ಓದಿದೆ. ಇದು ನಿಜ ಇದೆ. ರಾಜನ ಪುಸ್ತಕಕ್ಕಿಂತ ಚೆನ್ನಾಗಿದೆ.

ಹುಲಿಕೆರೆ ಚೆನ್ನಾಗಿರಲಿಲ್ಲ ಅಪ್ಪ. ನನಗೆ ತುಂಬಾ ಭಯ ಆಗಿತ್ತು. ನಿನಗೆ ಆಕ್ಸಿಡೆಂಟ್ ಆಗಿದೆ ಅಂದುಕೊಂಡಿದ್ದೆ.

ಗುರುವಾರ ಬಸ್ ಸ್ಟ್ಯಾಂಡಿಗೆ ಅಮ್ಮ, ಅಜ್ಜಿ ಬರುತ್ತಾರೆ. ನಾನು ಬರುವುದಿಲ್ಲ. ಸಿಟ್ಟು ಅಲ್ಲ, ಸ್ವಲ್ಪ ಸಿಟ್ಟು. ಬಸ್ಸು ಲೇಟ್ ಆದರೆ ನನಗೆ ಮತ್ತೆ ಆಕ್ಸಿಡೆಂಟ್ ಅಂತ ಅನ್ನಿಸುತ್ತದೆ. ನಿನ್ನನ್ನು ಕಾಯುವುದು ನನ್ನ ಕೈಲಿ ಇನ್ನು ಆಗುವುದಿಲ್ಲ.

ನಾನು ಲೈಬ್ರರಿಯಲ್ಲಿ ಓದುತ್ತಾ ಇರುತ್ತೇನೆ. ನೀನು ಬಂದರೂ ಬರದಿದ್ದರೂ ಓದುತ್ತಾ ಇರುತ್ತೇನೆ. ಆದರೆ ಬಾ. ಒಳಗೆ ಬಂದು ಬಿಂದು ಅಂತ ಕರಿ. ನಾನು ಏಳುತ್ತೇನೆ.

ಬಿಂದುಶ್ರೀ
ನಾಲ್ಕನೇ ತರಗತಿ